ಯಂತ್ರಕ್ಕೆ ಶ್ರೀ ಹೇಳಿಕೊಟ್ಟ ಉಸ್ತಾದರು

ಉಸ್ತಾದರು ತೀರಿಕೊಂಡರೆಂದು ನಮ್ಮ ಕಚೇರಿಯ ಹಳೆಯ ಟೈಪಿಸ್ಟ್ ಪುಟ್ಟತಾಯಮ್ಮ ಫೋನು ಮಾಡಿ ಹೇಳಿದಾಗ ನನಗೆ ಥಟ್ಟನೆ ನೆನಪಾದದ್ದು ಅವರ ಬೆನ್ನು. ಮುಖ ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಇದರಲ್ಲಿ ನನ್ನ ತಪ್ಪೇನಿಲ್ಲ. ನಮ್ಮ ಕಚೇರಿಗೆ ಬಂದಾಗಲೆಲ್ಲ ಅವರು ಯಾವುದಾದರೊಂದು ಮೇಜಿನ ಹಿಂದೆ ಬಗ್ಗಿಕೊಂಡೇ ಇರುತ್ತಿದ್ದರು. ಬೂದು ಬಣ್ಣದ ಷರಟು, ಅದರ ಮೇಲೆ ಬೆವರು ಬರೆದ ನಕ್ಷೆ. ಮಾತಾಡಿಸಿದರೆ ಆ ಬೆನ್ನೇ ಉತ್ತರ ಕೊಡುತ್ತಿತ್ತು. ನಾವೂ ಬೆನ್ನಿಗೇ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೆವು.

ಅವರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಶಿರಾದಿಂದ ಕೊರಟಗೆರೆಯವರೆಗೆ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ಅವರು ಉಸ್ತಾದ್. ಎಪ್ಪತ್ತರ ದಶಕದಲ್ಲಿ ಶಿರಾದಲ್ಲಿ ರೇಡಿಯೊ ರಿಪೇರಿಯ ಒಂದು ಗೂಡಂಗಡಿ ಇಟ್ಟಿದ್ದರು. ಆಮೇಲೆ ಟೆಲಿಫೋನ್ ತಂತಿಗಳ ಹಿಂದೆ ಕೆಲವು ವರ್ಷ ಅಲೆದರು. ಕೊನೆಗೆ, ನಮ್ಮ ಕಡೆಯ ಕಚೇರಿಗಳಿಗೆ ಕಂಪ್ಯೂಟರು ಮಾರಿದ ಕಂಪನಿಯೊಂದು ಅವುಗಳನ್ನು ನೋಡಿಕೊಳ್ಳಲು ಇವರನ್ನು ಹಿಡಿಯಿತು. ಓದಿದ್ದು ಎಷ್ಟೆಂದು ಕೇಳಿದರೆ, "ಸಾಕಾಗೋವಷ್ಟು" ಎನ್ನುತ್ತಿದ್ದರು. ಯಾರಿಗೆ ಸಾಕಾಗುವಷ್ಟು ಎಂದು ಹೇಳುತ್ತಿರಲಿಲ್ಲ.

ಕೆಟ್ಟುಹೋದ ವಸ್ತುವನ್ನು ಅವರು ಗೌರವದಿಂದ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. "ಯಾಕೋ ಇವರು ಇವತ್ತು ಮುನಿಸ್ಕೊಂಡವ್ರೆ" ಎಂದರೆ ಪ್ರಿಂಟರು ನಿಂತಿದೆ ಎಂದರ್ಥ. ಮೊದಲು ಅದರ ಬೆನ್ನ ಮೇಲೆ ಅಂಗೈ ಇಟ್ಟು ಬಿಸಿ ಎಷ್ಟಿದೆ ನೋಡುತ್ತಿದ್ದರು. ಆಮೇಲೆ ಕಿವಿಯ ಸಂದಿಯಿಂದ ಸ್ಕ್ರೂಡ್ರೈವರು ಇಳಿಯುತ್ತಿತ್ತು. ಹೊಸದಾಗಿ ಬಂದ ನಮ್ಮ ಜವಾನ ಒಮ್ಮೆ ಯಂತ್ರಕ್ಕೆ ಬಹುವಚನ, ತನಗೆ "ಲೇ" ಎಂಬ ಏಕವಚನ ಯಾಕೆಂದು ಮುಖ ಊದಿಸಿಕೊಂಡ. "ನೀನು ಕೆಡಲ್ಲ ಕಣ್ಲಾ, ಅದ್ಕೆ" ಎಂದು ಬೆನ್ನು ಹೇಳಿತು. ಅವನು ಅದನ್ನು ಹೊಗಳಿಕೆಯೆಂದೇ ತಿಳಿದು ಚಾ ತರಲು ಓಡಿದ.

ಅವರ ಇನ್ನೊಂದು ಮಾತು ನಮ್ಮ ಕಡೆಯ ನಾಲ್ಕು ತಾಲ್ಲೂಕಿನ ಕಚೇರಿಗಳಲ್ಲೂ ಓಡಾಡುತ್ತಿತ್ತು. "ಎಲ್ಲಿ ಕೆಟ್ಟೈತೆ ಅಂತ ಆಮೇಲೆ ನೋಡಾಣ. ಯಾವಾಗ ಕೆಡ್ತೈತೆ ಹೇಳಿ ಮೊದ್ಲು." ಈ ಪ್ರಶ್ನೆಯನ್ನು ಅವರು ಬುಕ್ಕಾಪಟ್ಟಣದಲ್ಲಿ ಕಲಿತರಂತೆ. ಅಲ್ಲಿಯ ಒಬ್ಬ ಸಾಹುಕಾರರ ಮನೆಯ ಟೆಲಿಫೋನು ದಿನವೂ ಸಂಜೆ ಹೊತ್ತಿಗೆ ಗೊರಗೊರ ಎನ್ನುತ್ತಿತ್ತು. ನೋಡಲು ಬರುವವರೆಲ್ಲ ಬೆಳಿಗ್ಗೆ ಬಂದು, ಚೆನ್ನಾಗಿದೆಯಲ್ಲ ಎಂದು ತಿಂಡಿ ತಿಂದು ಹೋಗುತ್ತಿದ್ದರು. ಇವರು ಸಂಜೆ ಹೋಗಿ ಜಾಲಿ ಮರದ ಕೆಳಗೆ ಕೂತರು. ಮೇವು ಮುಗಿಸಿ ಬಂದ ಎಮ್ಮೆಯೊಂದು ಕಂಬಕ್ಕೆ ಮೈ ಉಜ್ಜಿತು, ಮೇಲೆ ತಂತಿ ಅಲ್ಲಾಡಿತು. ಎಮ್ಮೆಯನ್ನು ಕಟ್ಟಿಹಾಕಿಸಿದಿರಾ ಎಂದು ನಾನು ಕೇಳಿದೆ. "ಅದಕ್ಕೂ ಮೈ ಉಜ್ಕಬೇಕಲ್ಲ ಸಾರ್. ಪಕ್ಕದಲ್ಲಿ ಒಂದು ಒರಟು ಕಲ್ಲು ನೆಟ್ಟು ಬಂದೆ. ಕಂಬಕ್ಕಿಂತ ಅದೇ ಸುಖವಾಗಿತ್ತು ಅಂತ ಕಾಣ್ತದೆ, ಆಮೇಲೆ ಎಮ್ಮೆ ಕಂಬದ ಕಡೆ ತಿರುಗೂ ನೋಡಲಿಲ್ಲ" ಎಂದರು.

ಈಗ ನಮ್ಮ ಕಚೇರಿಯ ವಿಷಯ. ಎಂಬತ್ತರ ದಶಕದ ಕೊನೆಯ ಮಾತು. ನಾನು ಮಧುಗಿರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಇಲಾಖೆಯೆಂದು ಹೇಳುವುದಿಲ್ಲ, ಪಿಂಚಣಿ ಇನ್ನೂ ಬರುತ್ತಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ರೈತರ ಹೆಸರು, ಊರು, ಜಮೀನಿನ ವಿವರ ನಮ್ಮಲ್ಲಿ ದಪ್ಪ ದಪ್ಪ ಪುಸ್ತಕಗಳಲ್ಲಿದ್ದವು. ಅದನ್ನೆಲ್ಲ ಕಂಪ್ಯೂಟರಿಗೆ ಸೇರಿಸಬೇಕೆಂದು ಮೇಲಿನಿಂದ ಆದೇಶ ಬಂತು. ಉಸ್ತಾದರು ದೊಡ್ಡ ಯಂತ್ರವೊಂದನ್ನು ತಂದು ಒಳಕೋಣೆಯಲ್ಲಿ ಕೂರಿಸಿದರು. ಅದರಿಂದ ತಂತಿ ಎಳೆದು ಹೊರಗಿನ ನಾಲ್ಕು ಮೇಜುಗಳ ಮೇಲೆ ನಾಲ್ಕು ಪರದೆಗಳನ್ನು ಇಟ್ಟರು. ಬೆಳಿಗ್ಗೆ ಬಂದು ಪರದೆಯ ಮುಂದೆ ಕೂತು ನಮ್ಮ ಹೆಸರು ಒತ್ತಬೇಕು, ಆಮೇಲೆ ಗುಟ್ಟಿನ ಪದವೊಂದನ್ನು ಒತ್ತಬೇಕು. ಇವನು ನಮ್ಮವನೇ ಎಂದು ಒಳಕೋಣೆ ಒಪ್ಪಿದರೆ ಕೆಲಸ ಶುರು. ಇದಕ್ಕೆ ಲಾಗಿನ್ ಎಂದು ಹೆಸರು. ನಮ್ಮ ಟೈಪಿಸ್ಟ್ ಪುಟ್ಟತಾಯಮ್ಮ ಹೊಳವನಹಳ್ಳಿ ಕಡೆಯವರು, ಇಪ್ಪತ್ತು ವರ್ಷ ಟೈಪ್‌ರೈಟರ್ ಕುಟ್ಟಿದವರು. ಅವರು ಇದನ್ನು "ಬಾಗ್ಲು ತಟ್ಟೋದು" ಎಂದು ಕರೆದರು, ಎಲ್ಲರಿಗೂ ಅದೇ ಬಾಯಿಗೆ ಹತ್ತಿತು.

ತಟ್ಟಿದರೆ ಬಾಗಿಲು ತೆರೆಯುತ್ತಿರಲಿಲ್ಲ. ಹತ್ತೂವರೆಗೆ ನಾಲ್ವರೂ ಕೂತು ತಟ್ಟಲು ಶುರು ಮಾಡಿದರೆ ಹನ್ನೊಂದು, ಒಮ್ಮೊಮ್ಮೆ ಹನ್ನೊಂದೂಕಾಲು. ಪರದೆ ಮೌನ. ಆಮೇಲೆ ಮತ್ತೊಮ್ಮೆ ಹೆಸರು ಕೇಳುತ್ತಿತ್ತು. ಕೆಲವು ಸಲ ಒಂದು ಮೇಜು ಪೂರ್ತಿ ಮುಷ್ಕರ ಹೂಡಿ ಕಾಲು ಗಂಟೆ ಕಣ್ಣೇ ಬಿಡುತ್ತಿರಲಿಲ್ಲ. ಕಿಟಕಿಯ ಆಚೆ ಜನ ಸಾಲುಗಟ್ಟುತ್ತಿದ್ದರು. ಬುಕ್ಕಾಪಟ್ಟಣದ ಕಡೆಯಿಂದ ಮಂದೆ ಬಿಟ್ಟು ಬಂದಿದ್ದ ಹಿರಿಯರೊಬ್ಬರು ಒಂದು ದಿನ ಸರಳಿನ ನಡುವೆ ಮುಖ ತೂರಿಸಿ, "ಇನ್ನೂ ಎದ್ದಿಲ್ವಾ ಸಾಮಿ ನಿಮ್ಮ ಮಿಸನ್ನು? ನಮ್ಮ ಕುರಿ ಆಗ್ಲೇ ಎದ್ದು ಎರಡು ಗುಡ್ಡ ಮೇಯ್ದವು" ಎಂದರು. ಆ ಮಾತು ಒಳಗೆ ಸಾಹೇಬರ ಕಿವಿಗೂ ಬಿತ್ತು.

ನಮ್ಮ ಸಾಹೇಬರು ಕೆಟ್ಟವರಲ್ಲ. ಆದರೆ ಅವರಿಗೆ ಯಾವ ತಾಪತ್ರಯಕ್ಕೂ ಒಂದೇ ಔಷಧಿ ಗೊತ್ತಿತ್ತು: "ಪಾವಗಡಕ್ಕೆ ಹಾಕ್ತೀನಿ." ಕಾಗದ ತಡವಾದರೆ ಪಾವಗಡ, ಚಾ ತಣ್ಣಗಾದರೆ ಪಾವಗಡ. ಪಾವಗಡದ ಕಚೇರಿಯಲ್ಲೇ ಇರುವವರನ್ನು ಎಲ್ಲಿಗೆ ಹಾಕುತ್ತೇನೆಂದು ಹೆದರಿಸುತ್ತಿದ್ದರೋ ನನಗೆ ಇವತ್ತಿಗೂ ತಿಳಿಯದು. ನನಗೆ ಪಾವಗಡದ ಮೇಲೆ ಯಾವ ದ್ವೇಷವೂ ಇಲ್ಲ. ಕನ್ನಡದಲ್ಲಿ ಶುರುವಾದ ವಾಕ್ಯ ತೆಲುಗಿನಲ್ಲಿ ಮುಗಿಯುವ, ಧಾರಾಳ ಮನಸ್ಸಿನ ಊರು ಅದು. ಆದರೆ ಆಗ ನನ್ನ ಹೆಂಡತಿಗೆ ಐದು ತಿಂಗಳು. ಅವಳು ಮಧುಗಿರಿಯಲ್ಲೇ ಶಾಲೆಯ ಮೇಡಮ್ಮು, ಕೆಲಸ ಬಿಟ್ಟು ಬರುವಂತಿರಲಿಲ್ಲ. ನಾನು ಪಾವಗಡಕ್ಕೆ ಹೋದರೆ ವಾರಕ್ಕೊಮ್ಮೆ ಬಂದು ಹೋಗುವ ಅತಿಥಿಯಾಗಬೇಕಿತ್ತು. ಕಂಪ್ಯೂಟರಿನ ಜವಾಬ್ದಾರಿ ಹೊತ್ತ ಗುಮಾಸ್ತ ನಾನೇ. ತುಮಕೂರಿನಲ್ಲಿ ನಾಲ್ಕು ದಿನ ತರಬೇತಿ ಮುಗಿಸಿ ಬಂದು, ಅಂದಿನಿಂದ ಕೊಂಚ ಇಂಗ್ಲಿಷ್ ಮಾತಾಡುತ್ತ ತಿರುಗುತ್ತಿದ್ದವನೂ ನಾನೇ. ಸಾಹೇಬರು ಕರೆದು, "ಈ ತಿಂಗಳ ಕೊನೆಯೊಳಗೆ ಅದು ಹತ್ತೂಮುಕ್ಕಾಲಕ್ಕೆ ತೆರೆದುಕೊಳ್ಳಬೇಕು. ಇಲ್ಲದಿದ್ದರೆ ಯಂತ್ರ ತುಮಕೂರಿಗೆ, ನೀನು ಪಾವಗಡಕ್ಕೆ" ಎಂದರು. ಈ ಸಲ ಬರೀ ಬಾಯಿಮಾತಲ್ಲ. ವರ್ಗದ ಆದೇಶವನ್ನು ಟೈಪ್ ಮಾಡಲು ಪುಟ್ಟತಾಯಮ್ಮನ ಕೈಗೆ ಕೊಟ್ಟಿದ್ದರು. ಆಕೆ ನನಗಾಗಿ ಬೇಕೆಂದೇ ಮೂರು ಸಲ ತಪ್ಪು ಹೊಡೆದು ಮೂರು ದಿನ ಉಳಿಸಿಕೊಟ್ಟರು. ನಾಲ್ಕನೆಯ ದಿನ ಸಾಹೇಬರು ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಆದೇಶ ಸಹಿಗೆ ಕಾಯುತ್ತ ಅವರ ಮೇಜಿನ ಮೇಲೆ ಮಲಗಿತು.

ಬೆಂಗಳೂರಿನಿಂದ ಕಂಪನಿಯ ಇಂಜಿನಿಯರುಗಳು ಎರಡು ಸಲ ಬಂದುಹೋದರು. ಅವರು ಬಂದು ಇಳಿಯುವ ಹೊತ್ತಿಗೆ ಮಧ್ಯಾಹ್ನ. ಪರದೆಯ ಮುಂದೆ ಕೂತು ತಮ್ಮ ಹೆಸರು ಒತ್ತುತ್ತಿದ್ದರು, ಕಣ್ಣು ಮಿಟುಕಿಸುವಷ್ಟರಲ್ಲಿ ಬಾಗಿಲು ತೆರೆಯುತ್ತಿತ್ತು. "ಫೈನ್ ಇದೆಯಲ್ಲ" ಎಂದು ನನ್ನನ್ನು ಅನುಮಾನದಿಂದ ನೋಡುತ್ತಿದ್ದರು. ಯಂತ್ರ ಬೆಂಗಳೂರಿನವರಿಗೆ ಒಂದು ಥರ, ನಮಗೊಂದು ಥರ ಮಾಡುತ್ತಿದೆ ಎಂದು ಪುಟ್ಟತಾಯಮ್ಮ ತೀರ್ಮಾನಿಸಿದರು. "ಅದು ಹುಟ್ಟಿದ್ದೇ ಆ ಕಡೆ. ನಮ್ಮನ್ನ ಯಾಕೆ ಲೆಕ್ಕಕ್ಕೆ ಇಟ್ಕಂಡಾದು?" ನನಗೂ ಹಾಗೇ ಅನ್ನಿಸತೊಡಗಿತ್ತು. ಕೊರಟಗೆರೆಯಲ್ಲಿ ಇಳಿದು ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಹರಕೆಯನ್ನೂ ಹೊತ್ತು ಬಂದೆ.

ಕೊನೆಗೆ ಉಸ್ತಾದರು ಬಂದರು. ಶಿರಾದ ಮೊದಲ ಬಸ್ಸಿಗೇ ಬಂದು, ಜವಾನ ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು. ನಾನು ತಂತಿ, ಪ್ಲಗ್ಗು, ವೋಲ್ಟೇಜು ಎಂದು ತುಮಕೂರಿನಲ್ಲಿ ಕಲಿತದ್ದನ್ನೆಲ್ಲ ಒಪ್ಪಿಸಿದೆ. ಅವರು ಕೇಳಿದ್ದು ತಮ್ಮ ಹಳೆಯ ಪ್ರಶ್ನೆಯನ್ನೇ. ಬೆಳಿಗ್ಗೆ ಎಂದೆ. "ಹಂಗಾರೆ ಬೆಳಿಗ್ಗೆ ನೋಡಾಣ" ಎಂದು, ಪರದೆಗಳು ಕಾಣುವ ಹಾಗೆ ಗೋಡೆಯ ಪಕ್ಕ ಒಂದು ಸ್ಟೂಲು ಎಳೆದುಕೊಂಡರು. ಬ್ಯಾಗು ಬಿಚ್ಚಲಿಲ್ಲ. ಸಾಸರಿಗೆ ಚಾ ಸುರಿದುಕೊಂಡು ಊದುತ್ತ ಕೂತರು. ತಿಂಗಳು ಮುಗಿಯಲು ಎರಡು ದಿನ ಉಳಿದಿದೆ, ಈ ಮಹಾನುಭಾವರು ನಾಟಕಕ್ಕೆ ಬಂದವರ ಹಾಗೆ ಚಾ ಹೀರುತ್ತಿದ್ದಾರೆ.

ಎಲ್ಲರೂ ಬಂದರು, ಕೂತರು, ತಟ್ಟಿದರು. ಪರದೆಗಳು ಎಂದಿನಂತೆ ಮುಷ್ಕರ ಹೂಡಿದವು. ಹನ್ನೊಂದರವರೆಗೆ ಉಸ್ತಾದರು ಅಲ್ಲಾಡಲಿಲ್ಲ. ಆಮೇಲೆ ಎದ್ದು ಪುಟ್ಟತಾಯಮ್ಮನ ಮೇಜಿನ ಬಳಿ ಹೋದರು.

"ಅಕ್ಕೋರೆ, ಇನ್ನೊಂದ್ಸಲ ಬಾಗ್ಲು ತಟ್ಟಿ, ನಾನು ನೋಡ್ಬೇಕು. ಮೊದ್ಲು ಏನು ಒತ್ತಿದ್ರಿ?"

"ಶ್ರೀ."

"ಶ್ರೀ ಅಂದ್ರೆ?"

"ಶ್ರೀ ಕಣಪ್ಪ. ಎಸ್ಸು, ಆರು, ಐ. ಎಲ್ಲಾದ್ಕೂ ಮೊದ್ಲು ಶ್ರೀ ಅಲ್ವಾ? ಆಮೇಲೆ ಹೆಸ್ರು."

"ತಡ ಆದ್ರೆ ಏನು ಮಾಡ್ತೀರಿ?"

"ಆಫ್ ಮಾಡಿ ಮತ್ತೆ ಶುರು ಮಾಡ್ತೀವಿ."

"ಮತ್ತೆ ಶ್ರೀಯಿಂದ?"

"ಹೊಸ್ದಾಗಿ ಶುರು ಮಾಡುದ್ರೆ ಹೊಸ್ದಾಗೇ ಶ್ರೀ ಹಾಕ್ಬೇಕಲ್ಲ. ತೀರಾ ಸತಾಯ್ಸುದ್ರೆ ಮೂರು ಸಲ ಹಾಕ್ತೀನಿ."

ಉಸ್ತಾದರು ಉಳಿದ ಮೂರು ಮೇಜುಗಳನ್ನೂ ಒಂದು ಸುತ್ತು ಬಂದರು. ಎಲ್ಲ ಕಡೆಯೂ ಶ್ರೀ. ಶಿರಾ, ಕೊರಟಗೆರೆ, ಪಾವಗಡಗಳಿಂದ ನಮ್ಮಲ್ಲಿಗೆ ತರಬೇತಿಗೆ ಬಂದಿದ್ದವರ ನೋಟ್‌ಬುಕ್ಕಿನಲ್ಲಂತೂ ಅದು ನಿಯಮವೇ ಆಗಿತ್ತು. ಮೊದಲನೆಯದು ಶ್ರೀ, ಎರಡನೆಯದು ಹೆಸರು, ಮೂರನೆಯದು ಗುಟ್ಟಿನ ಪದ. ಯಂತ್ರಕ್ಕೆ ಗೊತ್ತಿದ್ದದ್ದು ಇಷ್ಟೇ, ಶ್ರೀ ಎಂಬ ಅಪರಿಚಿತನೊಬ್ಬ ನಾಲ್ಕು ಬಾಗಿಲಲ್ಲೂ ಒಟ್ಟಿಗೆ ನಿಂತು ತಟ್ಟುತ್ತಿದ್ದಾನೆ. ಅದು ಪಟ್ಟಿಯನ್ನೆಲ್ಲ ಹುಡುಕಿ, ಅವನು ಸಿಗದೆ, ಕಳ್ಳನಿರಬೇಕೆಂದು ಬೇಕೆಂದೇ ಕಾಯಿಸಿ, ಮೂರು ಸಲವಾದರೆ ಆ ಮೇಜಿನ ಬಾಗಿಲಿಗೆ ಚಿಲಕ ಹಾಕಿ ಕೂರುತ್ತಿತ್ತು. ಬೆಂಗಳೂರಿನವರು ಶ್ರೀ ಹಾಕುತ್ತಿರಲಿಲ್ಲ, ಅವರಿಗೆ ಕೂಡಲೇ ತೆರೆಯುತ್ತಿತ್ತು. ನಮ್ಮಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ಕಾಗದದ ನೆತ್ತಿಯ ಮೇಲೆ ಶ್ರೀ ಬರೆಯುವುದನ್ನು ಬರೆಯುವ ಕೆಲಸದಲ್ಲಿ ಯಾರು ಲೆಕ್ಕ ಹಿಡಿಯುತ್ತಾರೆ? ಏನು ಒತ್ತಿದಿರಿ ಎಂದು ಇಂಜಿನಿಯರು ಕೇಳಿದಾಗ ಎಲ್ಲರೂ ಪ್ರಾಮಾಣಿಕವಾಗಿ "ನನ್ನ ಹೆಸರು ಸಾರ್" ಎಂದೇ ಹೇಳಿದ್ದರು.

ಇನ್ನು ಮೇಲೆ ಶ್ರೀ ಹಾಕಬೇಡಿ ಎಂದು ನಾನು ಗಡಸು ದನಿಯಲ್ಲಿ ಹೇಳಿದೆ. ಪುಟ್ಟತಾಯಮ್ಮ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಶ್ರೀ ಹಾಕ್ದೆ ನಾನು ಒಂದಕ್ಷರ ಒತ್ತಾಕಿಲ್ಲ. ಪಾವಗಡಕ್ಕೆ ಬೇಕಾದ್ರೆ ನನ್ನೇ ಹಾಕ್ಲಿ" ಎಂದರು. ಉಸ್ತಾದರು ನಕ್ಕು ತಮ್ಮ ನೋಟ್‌ಬುಕ್ಕು ತೆಗೆದು ತೋರಿಸಿದರು. ಪ್ರತಿ ಪುಟದ ಮೇಲೂ ಸಣ್ಣದಾಗಿ ೭೮೬ ಎಂದು ಬರೆದಿತ್ತು.

"ಇದೇನಪ್ಪ, ಎಲ್ಲಾ ಪುಟಕ್ಕೂ ಒಂದೇ ನಂಬರು?"

"ನಿಮ್ಮ ಶ್ರೀ ಇದ್ದಂಗೆ ಕಣಕ್ಕ ಇದು, ನಮ್ದು. ನೀವು ಬುಡ್ಬೇಡಿ. ನಾನು ಇವರಿಗೇ ಹೇಳ್ಕೊಡ್ತೀನಿ."

ಒಳಕೋಣೆಗೆ ಹೋಗಿ ಅರ್ಧ ಗಂಟೆ ಕೂತರು. ಎದ್ದು ಬಂದಾಗ ಯಂತ್ರದ ಪಟ್ಟಿಯಲ್ಲಿ ಶ್ರೀ ಎಂಬ ಹೊಸ ನೌಕರ ಸೇರಿದ್ದ. ಅವನಿಗೆ ಗುಟ್ಟಿನ ಪದವಿಲ್ಲ, ಕೆಲಸವೂ ಇಲ್ಲ. ಶ್ರೀ ಎಂದು ಒತ್ತಿದ ಕೂಡಲೇ ಪರದೆ ಇಂಗ್ಲಿಷ್ ಅಕ್ಷರದಲ್ಲಿ "ನಮಸ್ಕಾರ" ಎಂದು ಬರೆದು, ತಕ್ಷಣ ಹೆಸರು ಕೇಳುತ್ತಿತ್ತು. ಮರುದಿನ ಹತ್ತು ಗಂಟೆ ಮೂವತ್ತೆರಡು ನಿಮಿಷಕ್ಕೆ ನಾಲ್ಕು ಬಾಗಿಲೂ ತೆರೆದವು. ಪುಟ್ಟತಾಯಮ್ಮ ಪರದೆಗೆ ಮರುನಮಸ್ಕಾರ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ನಗೆಯ ಪ್ರಸಂಗವಾಗುತ್ತಿತ್ತು. ಆದರೆ ಮುಚ್ಚಿಟ್ಟದ್ದೊಂದಿದೆ. ಉಸ್ತಾದರು ಯಂತ್ರ ಕೂರಿಸಿ ಹೋದ ಮೇಲೆ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕಚೇರಿಯವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಮೊದಲು ಶ್ರೀ ಒತ್ತಿದವನು ನಾನು. ಪರದೆ ಸುಮ್ಮನಾದಾಗ, "ತಡೀರಿ, ಅದು ಯೋಚನೆ ಮಾಡ್ತಿದೆ" ಎಂದು ಪಂಡಿತನ ಹಾಗೆ ವಿವರಿಸಿದವನೂ ನಾನೇ. ನಾಲ್ಕು ತಾಲ್ಲೂಕಿನವರ ನೋಟ್‌ಬುಕ್ಕಿಗೆ ಆ ನಿಯಮವನ್ನು ಬರೆಸಿದ್ದು ನನ್ನ ಬಾಯಿ. ಉಸ್ತಾದರು ನೋಟ್‌ಬುಕ್ಕು ನೋಡುತ್ತ, ಇದನ್ನು ಬರೆಸಿದವರು ಯಾರೆಂಬುದನ್ನೂ ನನ್ನ ಮನೆಯ ಪರಿಸ್ಥಿತಿಯನ್ನೂ ಪುಟ್ಟತಾಯಮ್ಮನಿಂದ ಕೇಳಿ ತಿಳಿದುಕೊಂಡಿದ್ದರು. ನನಗೆ ಮಾತ್ರ ಏನೂ ಹೇಳಿರಲಿಲ್ಲ.

ಸಾಹೇಬರು ನಮ್ಮಿಬ್ಬರನ್ನೂ ಒಳಗೆ ಕರೆದರು. ಆದೇಶ ಮೇಜಿನ ಮೇಲೆ ಹಾಗೇ ಇತ್ತು, ಪೆನ್ನು ಅದರ ಮೇಲೆ. ಉಸ್ತಾದರು ನಡೆದದ್ದನ್ನು ಎರಡು ಮಾತಿನಲ್ಲಿ ಹೇಳಿದರು.

"ಈ ಶ್ರೀ ಒತ್ತುವುದನ್ನು ಶುರು ಮಾಡಿದವರು ಯಾರು?" ಎಂದರು ಸಾಹೇಬರು.

ಉಸ್ತಾದರು ತಿರುಗಿ ನನ್ನನ್ನು ನೋಡಿದರು. ಅವರ ಮುಖವನ್ನು ನಾನು ಸರಿಯಾಗಿ ಕಂಡದ್ದು ಅವತ್ತೇ. ನಾನು ನೆಲ ನೋಡಿದೆ.

"ಯಾರೂ ಇಲ್ಲ ಸಾರ್. ತಪ್ಪು ನಮ್ಮ ಕಡೇದೇ. ಈ ಕಡೆ ಜನ ಶ್ರೀ ಹಾಕ್ದೆ ಏನೂ ಬರೆಯಾಕಿಲ್ಲ ಅಂತ ನಮಗೆ ಗೊತ್ತಿರಬೇಕಿತ್ತು. ಯಂತ್ರ ಕೂರ್ಸೋವಾಗ್ಲೇ ಅದಕ್ಕೆ ಹೇಳ್ಕೊಡ್ಬೇಕಿತ್ತು. ಕೂರ್ಸಿದ್ದು ನಾನು, ಮರ್ತೆ. ಈಗ ಹೇಳ್ಕೊಟ್ಟಿವ್ನಿ."

ಸಾಹೇಬರಿಗೆ ಒಬ್ಬ ತಪ್ಪಿತಸ್ಥ ಬೇಕಿತ್ತು, ಸಿಕ್ಕಿದ. ನನ್ನ ಆದೇಶವನ್ನು ಹರಿದು ಬುಟ್ಟಿಗೆ ಹಾಕಿದರು. ಅದೇ ಉಸಿರಿನಲ್ಲಿ ಕಂಪನಿಗೆ ಒಂದು ಕಾಗದ ಬರೆಸಿದರು: ನಿಮ್ಮ ಮನುಷ್ಯ ಯಂತ್ರವನ್ನು ಅರ್ಧಂಬರ್ಧ ಕೂರಿಸಿದ್ದನ್ನು ತಾನೇ ಒಪ್ಪಿಕೊಂಡಿದ್ದಾನೆ, ಇನ್ನು ಮುಂದೆ ಇಲ್ಲಿಗೆ ಬೇರೆಯವರನ್ನು ಕಳಿಸಿ. ಆ ಕಾಗದ ಹೋಗುವ ಮೊದಲು ನಾನು ಒಳಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಬಾಗಿಲವರೆಗೆ ಹೋಗಿ, ಹೆಂಡತಿಯ ಮುಖ ನೆನೆದು ವಾಪಸು ಬಂದೆ. ನಾಚಿಕೆಯಾಗುತ್ತದೆ, ಆದರೆ ಮಾಡಿದ್ದು ಅದೇ. ಕಂಪನಿ ನಮ್ಮ ಕಡೆಗೆ ಬೆಂಗಳೂರಿನ ಯುವಕನೊಬ್ಬನನ್ನು ಹಾಕಿತು. ಪಾವಗಡದ ಕಚೇರಿಗೂ ಹೊಸ ಯಂತ್ರ ಬಂದಿತ್ತು. ಅಲ್ಲೇ ಉಳಿದು ನೋಡಿಕೊಳ್ಳುವುದಾದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಉಸ್ತಾದರಿಗೆ ಹೇಳಿತು.

ಎರಡು ವರ್ಷದ ಮೇಲೆ ಅವರು ಮಧುಗಿರಿಯ ಬಸ್ ನಿಲ್ದಾಣದಲ್ಲಿ ಸಿಕ್ಕರು. ಪಾವಗಡದ ಬಸ್ಸಿನಿಂದ ಇಳಿದು ಶಿರಾದ ಬಸ್ಸಿಗೆ ಕಾಯುತ್ತಿದ್ದರು. ಮೈಯೆಲ್ಲ ಧೂಳು.

"ಹೆಂಗವ್ರೆ ಸಾರ್ ನಿಮ್ಮ ಶ್ರೀ?" ಎಂದು ಮೊದಲು ಕೇಳಿದರು.

"ಚೆನ್ನಾಗಿದ್ದಾನೆ. ಕಚೇರಿಯಲ್ಲಿ ರಜೆ ಹಾಕದ ನೌಕರ ಅವನೊಬ್ಬನೇ."

"ಪಾವಗಡದಲ್ಲಿ ಈಗ ನಂದೂ ಅರ್ಧ ತೆಲುಗು. ಮಿಷನ್ನು ಕೆಟ್ಟೋಯ್ತು ಅನ್ನಾಕಿಲ್ಲ, ಪಾಡೈಪೋಯಿಂದಿ ಅಂತೀನಿ. ಮನೇಲಿ ಮಗು ಹೆಂಗೈತೆ?"

ಹೆಣ್ಣು ಮಗು, ಒಂದೂವರೆ ವರ್ಷ ಎಂದೆ. ನನ್ನ ಸೈಕಲ್ಲಿನ ಬೆಲ್ಲು ಕೇಳಿದರೆ ಸಾಕು, ಅಪ್ಪ ಬಂದ ಎಂದು ಬಾಗಿಲಿಗೆ ಓಡಿಬರುತ್ತಾಳೆ ಎಂದು ಸಂಭ್ರಮದಲ್ಲಿ ಹೇಳಿಯೇಬಿಟ್ಟೆ.

"ಒಳ್ಳೇದಾಯ್ತು ಬುಡಿ" ಎಂದರು ಉಸ್ತಾದರು. "ನಮ್ಮ ಚಿಕ್ಕೋಳಿಗೆ ಮೂರು. ನಾನು ಹದಿನೈದು ದಿವ್ಸಕ್ಕೊಂದ್ಸಲ ಹೋಗಾದಲ್ವಾ, ಬಾಗ್ಲು ತಟ್ಟಿದ್ರೆ ಬಂದು ಸುಮ್ಕೆ ನೋಡ್ತಾ ನಿಂತ್ಕತಾಳೆ. ನಾನು ಕಣಮ್ಮ ಅಂತ ಹೆಸ್ರು ಹೇಳಿದ್ರೂ ಒಂದು ಗಳಿಗೆ ಯೋಚ್ನೆ ಮಾಡ್ತಾಳೆ. ಇದೊಂದು ರಿಪೇರಿ ನನಗೆ ಬರಾಕಿಲ್ಲ ಸಾರ್."

ಹೇಳಿ ನಕ್ಕರು. ಆ ನಗೆಯಲ್ಲಿ ನನ್ನ ಮೇಲೆ ಒಂದಿಷ್ಟು ಸಿಟ್ಟಾದರೂ ಇದೆಯೇ ಎಂದು ಹುಡುಕಿದೆ, ಇರಲಿಲ್ಲ. ಅವತ್ತಾದರೂ ಒಂದು ಮಾತು ಹೇಳಬೇಕಿತ್ತು. ನನ್ನ ಬಸ್ಸು ಬಂತು ಎಂದು ಹೇಳಿ, ಎದುರಿಗೆ ಬಂದು ನಿಂತ ಬಸ್ಸನ್ನು ಹತ್ತಿಬಿಟ್ಟೆ. ಅದು ನನ್ನ ಬಸ್ಸಾಗಿರಲಿಲ್ಲ.